ಮಾಡಿನ ಮೇಲೆ ಹೋದ ಹಲ್ಲು

ನನ್ನ ಕಸುಬು ಜನರನ್ನು ನಗಿಸುವುದು. ಹಾಸ್ಯಗಾರನಲ್ಲ, ಫೋಟೋಗ್ರಾಫರ್. ಉಪ್ಪಳದ ಹತ್ತಿರ ಹೆದ್ದಾರಿಯ ಬದಿಯಲ್ಲಿ ನನ್ನದೊಂದು ಸ್ಟುಡಿಯೋ ಇದೆ. ಹೆದ್ದಾರಿ ಅಗಲವೂ ಎತ್ತರವೂ ಆದ ಮೇಲೆ ಅದು ಹೊಂಡದಲ್ಲಿ ಕುಳಿತಂತೆ ಕಾಣುತ್ತದೆ. ಆದರೂ ಗಿರಾಕಿಗಳು ಇಳಿದು ಬರುತ್ತಾರೆ. ಗಲ್ಫಿಗೆ ಹೋಗುವವರ ಪಾಸ್‌ಪೋರ್ಟ್ ಫೋಟೋ, ಮದುವೆ, ಸೀಮಂತ, ಮಗುವಿಗೆ ಹೆಸರಿಡುವುದು, ಎಲ್ಲದಕ್ಕೂ ನಾನೇ. ಜನರನ್ನು ನಗಿಸಲು ನನಗೆ ಮೂರು ಭಾಷೆಯಲ್ಲಿ ಬರುತ್ತದೆ. ಕನ್ನಡದವರಿಗೆ "ಸ್ವಲ್ಪ ನಗಿ", ತುಳುವರಿಗೆ "ಒಂತೆ ತೆಲಿಪುಲೆ", ಮಲಯಾಳದವರಿಗೆ "ಒನ್ನು ಚಿರಿಕ್ಕೂ". ಯಾವುದಕ್ಕೂ ಬಗ್ಗದ ಮದುಮಗನಿಗೆ, "ಇನ್ನು ಮೇಲೆ ನಗುವ ಚಾನ್ಸ್ ಸಿಗುದಿಲ್ಲ ಮಾರಾಯ, ಈಗಲೇ ನಕ್ಕುಬಿಡು" ಎಂದರೆ ಸಾಕು, ಅವನ ಹಲ್ಲು ತಾನಾಗಿ ಹೊರಗೆ ಬರುತ್ತದೆ.

ನನ್ನದು ಮಾತ್ರ ಯಾವ ಭಾಷೆಗೂ ಹೊರಗೆ ಬರುತ್ತಿರಲಿಲ್ಲ. ಮೇಲಿನ ಸಾಲಿನಲ್ಲಿ, ಸರೀ ಮುಂದೆ, ಒಂದು ಹಲ್ಲು ಸಣ್ಣವನಿರುವಾಗ ಬಾವಿಕಟ್ಟೆಗೆ ಬಡಿದು ಅರ್ಧ ಮುರಿದಿತ್ತು. ಉಳಿದ ಅರ್ಧ ಸತ್ತುಹೋಗಿ ಸುಟ್ಟ ಗೇರುಬೀಜದ ಬಣ್ಣಕ್ಕೆ ತಿರುಗಿತ್ತು. ಅದರ ನೆರೆಕರೆಯ ಹಲ್ಲುಗಳು ಸತ್ತಿರಲಿಲ್ಲ, ಆದರೆ ಚಹಾ ಮತ್ತು ಎಲೆಯಡಿಕೆಯ ದಯೆಯಿಂದ ಅವೂ ಸೂತಕದಲ್ಲಿದ್ದಂತೆ ಕಾಣುತ್ತಿದ್ದವು. ನಾನು ಬಾಯಿ ಮುಚ್ಚಿಕೊಂಡೇ ನಗಲು ಕಲಿತೆ. ಈಗ ಯೋಚಿಸಿದರೆ ಈ ಕಸುಬಿಗೆ ಬಂದದ್ದೂ ಅದಕ್ಕೇ ಇರಬೇಕು. ಕ್ಯಾಮೆರಾದ ಹಿಂದೆ ನಿಂತವನ ಹಲ್ಲನ್ನು ಯಾರು ನೋಡುತ್ತಾರೆ?

ನಮ್ಮ ಮದುವೆಯ ಆಲ್ಬಂನಲ್ಲಿ ನಾನು ಪೊಲೀಸರು ಹಿಡಿದು ತಂದು ಕೂರಿಸಿದವನ ಹಾಗೆ ತುಟಿ ಬಿಗಿದು ಕುಳಿತಿದ್ದೇನೆ. ಪಕ್ಕದಲ್ಲಿ ಹೆಂಡತಿ ಚೆಂದಕ್ಕೆ ನಗುತ್ತಿದ್ದಾಳೆ, ಹಿಡಿದುಕೊಟ್ಟವಳು ಅವಳೇ ಎನ್ನುವ ಹಾಗೆ. ಆಮೇಲೆ ತೆಗೆದ ಫೋಟೋಗಳಲ್ಲಂತೂ ನಾನೇ ಇಲ್ಲ. ಮಗಳ ಹುಟ್ಟುಹಬ್ಬ, ಮಗಳ ಮದುವೆ, ಮೊಮ್ಮಗಳ ತೊಟ್ಟಿಲು, ಎಲ್ಲವನ್ನೂ ತೆಗೆದವನು ನಾನು. ಊರಿಡೀ ಫೋಟೋ ತೆಗೆದವನ ಮನೆಯಲ್ಲಿ ಅವನದೇ ಫೋಟೋ ಇಲ್ಲ ಎಂದು ಮನೆಗೆ ಬಂದವರು ಆಡಿಕೊಳ್ಳುವಾಗ ನಾನು ಬಾಯಿ ಮುಚ್ಚಿ ನಗುತ್ತಿದ್ದೆ.

ನಮ್ಮ ಕಡೆ ಯಾರಾದರೂ ತೀರಿಕೊಂಡರೆ ಮೊದಲು ಓಡಿಬರುವುದು ಸ್ಟುಡಿಯೋಗೆ. ಜಂಕ್ಷನಿನಲ್ಲಿ ಫ್ಲೆಕ್ಸ್ ಕಟ್ಟಬೇಕು, ಅದಕ್ಕೊಂದು ಫೋಟೋ ಬೇಕು. ಬದುಕಿರುವಾಗ ಯಾರೂ ಅದನ್ನು ಯೋಚಿಸಿರುವುದಿಲ್ಲ. ಯಾರದ್ದೋ ಮದುವೆಯ ಗುಂಪಿನಿಂದ ಸತ್ತವರನ್ನು ಕತ್ತರಿಸಿ, ಪಕ್ಕದವರ ಕೈಯನ್ನು ಹೆಗಲಿನಿಂದ ಅಳಿಸಿ, ಬನಿಯನ್ ಇದ್ದಲ್ಲಿ ಅಂಗಿ ತೊಡಿಸಿ, ಕಣ್ಣಿಗೆ ಬೆಳಕು ಕೊಟ್ಟು, ಹಲ್ಲನ್ನು ಬಿಳಿ ಮಾಡಿ, ಹಿಂದೆ ನೀಲಿ ಆಕಾಶ ಇಟ್ಟು ಕೊಡುತ್ತೇನೆ. ಒಂದು ಮಧ್ಯಾಹ್ನ ಮೊಗ್ರಾಲಿನ ಕಡೆಯ ಒಬ್ಬ ಹೆಂಗಸು ಗಂಡನ ಆಧಾರ್ ಕಾರ್ಡ್ ಹಿಡಿದುಕೊಂಡು ಬಂದಳು. ಅವಳಲ್ಲಿ ಇದ್ದದ್ದು ಅದೊಂದೇ. ಅದರಲ್ಲಿ ಅವನು ಅಪರಾಧಿಯ ಹಾಗೆ ಕಣ್ಣು ಬಿಟ್ಟು ಕುಳಿತಿದ್ದ. "ಇವರು ಹೀಗೆ ಇರಲಿಲ್ಲ, ಯಾವಾಗಲೂ ನಗುತ್ತಾ ಇದ್ದರು" ಎಂದು ಅವಳು ಮತ್ತೆ ಮತ್ತೆ ಹೇಳಿದಳು. ನಾನು ಏನು ಮಾಡಲಿ? ಕಂಪ್ಯೂಟರಿನಲ್ಲಿ ತುಟಿಯ ತುದಿಯನ್ನು ಸ್ವಲ್ಪ ಮೇಲಕ್ಕೆ ಎಳೆದೆ. ಅವಳು ನೋಡಿ, "ಇದಲ್ಲ" ಎಂದಳು. ಆದರೂ ತೆಗೆದುಕೊಂಡು ಹೋದಳು, ಬೇರೆ ದಾರಿ ಇರಲಿಲ್ಲ.

ಅದೇ ಹೊತ್ತಿಗೆ ನನ್ನ ಹೆಂಡತಿ ಊಟದ ಬುತ್ತಿ ಹಿಡಿದುಕೊಂಡು ಬಂದು ಬಾಗಿಲಲ್ಲಿ ನಿಂತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅದಕ್ಕೆ ಸ್ವಲ್ಪ ಮೊದಲಷ್ಟೇ ಮಂಗಳೂರಿನಲ್ಲಿ ನನ್ನ ಹೃದಯದ ನಾಳಕ್ಕೆ ಸ್ಟೆಂಟ್ ಹಾಕಿದ್ದರು. ಅಂದಿನಿಂದ ನಾನು ಕೆಮ್ಮಿದರೂ ಅವಳು ಒಳಗಿನಿಂದ ಇಣುಕುತ್ತಿದ್ದಳು. ಬುತ್ತಿ ಬಿಚ್ಚಿ, ಮೀನುಸಾರು ಬಡಿಸಿ, ಎದುರು ಕುಳಿತು ಹೇಳಿದಳು:

"ನನಗೆ ನಿಮ್ಮದೊಂದು ನಗುವ ಫೋಟೋ ಬೇಕು."

"ಎಂತಕ್ಕೆ? ಫ್ಲೆಕ್ಸಿಗಾ?"

"ಬಾಯಿಗೆ ಬಂದದ್ದೆಲ್ಲ ಮಾತಾಡ್ಬೇಡಿ. ನೀವು ಬಾಯಿ ಬಿಟ್ಟು ನಗುದನ್ನು ಈ ಲೋಕದಲ್ಲಿ ನೋಡಿದವಳು ನಾನೊಬ್ಳೇ. ನಾಳೆ ನಾನು ಹೇಳಿದ್ರೆ ಯಾರು ನಂಬ್ತಾರೆ? ಆ ಹೆಂಗ್ಸಿನ ಹಾಗೆ ಇದಲ್ಲ ಇದಲ್ಲ ಅಂತ ಹೇಳಿಕೊಂಡು ಕೂತ್ಕೊಳ್ಳಲಿಕ್ಕೆ ನನ್ನಿಂದ ಆಗುದಿಲ್ಲ."

ಅವಳ ಕಣ್ಣು ತುಂಬಿತ್ತು. ನನ್ನದೂ ತುಂಬಿತು, ನಾನು ಸಾರು ಖಾರ ಎಂದೆ.

ಬುದ್ಧಿ ಇದ್ದವನಾಗಿದ್ದರೆ ಆಗಲೇ ಮೊಬೈಲ್ ಎತ್ತಿ ಅವಳ ಕೈಗೆ ಕೊಟ್ಟು, ಬಾಯಿ ಬಿಟ್ಟು ನಕ್ಕು, ವಿಷಯ ಮುಗಿಸುತ್ತಿದ್ದೆ. ನಾನು ಆರ್ಟಿಸ್ಟ್ ಅಲ್ಲವೇ? ನಗುವ ಫೋಟೋ ಎಂದರೆ ಮೊದಲು ಹಲ್ಲು ಸರಿ ಇರಬೇಕು ಎಂದು ತೀರ್ಮಾನಿಸಿ, ಯಾರನ್ನೂ ಕೇಳದೆ, ಕಾಸರಗೋಡು ಪೇಟೆಯ ಒಂದು ಹಲ್ಲಿನ ಕ್ಲಿನಿಕ್ಕಿಗೆ ಹೋದೆ.

ಅಲ್ಲಿಯ ಡಾಕ್ಟರು ನನಗೆ ಗೊತ್ತಿದ್ದ ಹುಡುಗಿ. ಅವಳ ಮದುವೆಯ ಆಲ್ಬಂ ಮಾಡಿದವನು ನಾನು. ನನ್ನನ್ನು ನೋಡಿದ ಕೂಡಲೇ ಅವಳಿಗೆ ನಗು ಬಂತು.

"ಅಂಕಲ್, ಆಲ್ಬಂನಲ್ಲಿ ನೀವು ನನ್ನ ಹಲ್ಲನ್ನು ಎಷ್ಟು ಬಿಳಿ ಮಾಡಿದ್ರಿ ಗೊತ್ತುಂಟಾ? ನನ್ನ ಜತೆ ಕಲಿತವರೆಲ್ಲ ಎಲ್ಲಿ ಮಾಡಿಸಿದ್ದು, ಯಾರು ಮಾಡಿದ್ದು ಅಂತ ಕೇಳ್ತಿದ್ರು. ಹಲ್ಲಿನ ಡಾಕ್ಟರಿಗೇ ಕೇಳ್ತಿದ್ರು!"

ನಾನು ಅದನ್ನು ಹೊಗಳಿಕೆ ಎಂದು ತೆಗೆದುಕೊಂಡೆ.

ಬಾಯಿ ತೆರೆಸಿ, ಒಂದೊಂದು ಹಲ್ಲನ್ನೂ ತಟ್ಟಿ ನೋಡಿದಳು. ಆಮೇಲೆ ಕೆಲಸವನ್ನು ವಿವರಿಸಿದಳು. ಸತ್ತ ಹಲ್ಲಿಗೆ ಬೇರಿನ ಚಿಕಿತ್ಸೆ ಮಾಡಿ, ಸುತ್ತಲೂ ಕೊರೆದು ಸಣ್ಣದಾಗಿಸಿ, ಮೇಲೆ ಪಿಂಗಾಣಿಯ ಟೊಪ್ಪಿ ಇಡುವುದು. ಬಾಕಿ ಹಲ್ಲುಗಳ ಮುಖವನ್ನು ತುಸು ಉಜ್ಜಿ, ಉಗುರಿನ ಹಾಗೆ ತೆಳ್ಳಗಿರುವ ಪಿಂಗಾಣಿಯ ಸಿಪ್ಪೆ ಅಂಟಿಸುವುದು. ಸಿಪ್ಪೆಗೆ ವಿನೀರ್ ಎಂದು ಹೆಸರು, ಟೊಪ್ಪಿಗೆ ಕ್ರೌನ್ ಎಂದು ಹೆಸರು. ನಮ್ಮ ಊರಿನಲ್ಲಿ ಎರಡಕ್ಕೂ ಕ್ಯಾಪ್ ಎನ್ನುತ್ತಾರೆ, ಗಲಾಟೆ ಇಲ್ಲ. ನನ್ನ ಸ್ಟೆಂಟಿನ ಕಾಗದಗಳನ್ನು ನೋಡಿ, ಹೃದಯದ ಡಾಕ್ಟರಿಗೆ ಫೋನು ಮಾಡಿ ಒಪ್ಪಿಗೆಯನ್ನೂ ತೆಗೆದುಕೊಂಡಳು. ಹೃದಯ ರಿಪೇರಿ ಮಾಡಿಸಿದ ಬೆನ್ನಿಗೇ ಮುಖ ರಿಪೇರಿಗೆ ಹೊರಟ ಮುದುಕನನ್ನು ಕಂಡು ಆ ಡಾಕ್ಟರು ಫೋನಿನಲ್ಲೇ ನಕ್ಕದ್ದು ನನಗೂ ಕೇಳಿಸಿತು.

ಕೊರೆಯುವ ಕೆಲಸದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಾಯಿಯ ಒಳಗೆ ಹಂಚಿನ ಕಾರ್ಖಾನೆ ನಡೆದ ಹಾಗಿತ್ತು, ಅಷ್ಟೇ. ಹೇಳಬೇಕಾದದ್ದು ಬಣ್ಣದ ವಿಷಯ, ಯಾಕೆಂದರೆ ನನ್ನ ಅಹಂಕಾರ ಪೂರ್ತಿಯಾಗಿ ಹಲ್ಲು ಕಿಸಿದದ್ದು ಅಲ್ಲಿ. ಡಾಕ್ಟರು ಒಂದು ಪಟ್ಟಿ ತಂದಳು. ಪೈಂಟಿನ ಅಂಗಡಿಯಲ್ಲಿ ಗೋಡೆಯ ಬಣ್ಣ ತೋರಿಸುತ್ತಾರಲ್ಲ, ಆ ತರಹ, ಸಾಲಾಗಿ ಸಿಕ್ಕಿಸಿದ ಹಲ್ಲುಗಳು. ಕೆಲವು ಹಳದಿ ಬಿಳಿ, ಕೆಲವು ಬೂದಿ ಬಿಳಿ. ನನ್ನನ್ನು ಕಿಟಕಿಯ ಬೆಳಕಿಗೆ ನಿಲ್ಲಿಸಿ ಒಂದನ್ನು ತುಟಿಯ ಹತ್ತಿರ ಹಿಡಿದು, "ಅಂಕಲ್, ನಿಮ್ಮ ಪ್ರಾಯಕ್ಕೆ, ನಿಮ್ಮ ಮುಖದ ಬಣ್ಣಕ್ಕೆ ಇದು ಸಮ ಉಂಟು. ಯಾರಿಗೂ ಗೊತ್ತಾಗುದಿಲ್ಲ" ಎಂದಳು.

ಇಷ್ಟೆಲ್ಲ ಮಾಡಿಸಿಕೊಂಡು ಯಾರಿಗೂ ಗೊತ್ತಾಗದಿದ್ದರೆ ಹೇಗೆ?

"ಡಾಕ್ಟ್ರೆ, ಹಲ್ಲಿನ ವಿಷಯ ನೀವು ಹೇಳಿ, ನಾನು ಕೇಳ್ತೇನೆ. ಬಣ್ಣದ ವಿಷಯ ನನಗೆ ಹೇಳಿಕೊಡ್ಬೇಡಿ. ಜೀವಮಾನ ಇಡೀ ನಾನು ಮಾಡಿದ್ದು ಅದೇ" ಎಂದೆ. ಪಟ್ಟಿಯ ತುದಿಯಲ್ಲಿ, ಬೇರೆಯವರ ಸಹವಾಸ ಬೇಡ ಎನ್ನುವ ಹಾಗೆ ಪ್ರತ್ಯೇಕ ನಿಂತಿದ್ದ ಅಪ್ಪಟ ಬಿಳಿಯನ್ನು ತೋರಿಸಿದೆ. ಮದುಮಗಳಂದಿರಿಗೆ ಕಂಪ್ಯೂಟರಿನಲ್ಲಿ ನಾನು ಹಚ್ಚುವ ಬಿಳಿ ಅದೇ.

"ಅದು ಜಾಸ್ತಿ ಆಯಿತು ಅಂಕಲ್."

"ಫೋಟೋದಲ್ಲಿ ಸರಿ ಬರ್‍ತದೆ."

"ಬರೀ ಫೋಟೋದಲ್ಲಿ ಇರ್‍ತೀರಾ ನೀವು?"

ಅವಳು ಇನ್ನೂ ಹೇಳಿ ನೋಡಿದಳು. ಕೊನೆಗೆ, ಆಲ್ಬಂನ ಸೇಡು ತೀರಲಿ ಎಂದುಕೊಂಡಳೋ ಏನೋ, ಒಪ್ಪಿದಳು. ಅಂಟಿಸಿದ ದಿನ ಎಚ್ಚರಿಕೆಯನ್ನೂ ಕೊಟ್ಟಳು. "ಮುಂದಿನ ಹಲ್ಲಿನಲ್ಲಿ ಕಬ್ಬು ಸಿಗಿಯುದು ಬೇಡ, ಚಕ್ಕುಲಿ ಕಚ್ಚುದು ಬೇಡ, ಅಂಟಂಟು ಇರುವಂಥದ್ದನ್ನು ಎಳೆಯುದು ಬೇಡವೇ ಬೇಡ. ಟೊಪ್ಪಿಯ ಒಳಗೆ ನಿಮ್ಮ ಹಲ್ಲಿನ ಮೋಟು ಗಿಡ್ಡ ಉಂಟು. ಒಂದು ವೇಳೆ ಕಳಚಿದರೆ ಬಿಸಾಡ್ಬೇಡಿ, ಹಿಡ್ಕೊಂಡು ಬನ್ನಿ, ಅದನ್ನೇ ಪುನಃ ಕೂರಿಸಬಹುದು." ಹಲ್ಲಿದ್ದವನಿಗೆ ಕಡಲೆ ಇಲ್ಲ ಎಂಬ ಗಾದೆಯನ್ನು ನಾನು ಆ ದಿನ ಪೂರ್ತಿಯಾಗಿ ಅರ್ಥ ಮಾಡಿಕೊಂಡೆ.

ಮನೆಗೆ ಬಂದು, ಅಂಗಳದಲ್ಲೇ ನಿಂತು, ಹೆಂಡತಿಯ ಎದುರು ಹಲ್ಲು ಬಿಟ್ಟೆ.

ಅವಳು ಅಕ್ಕಿ ಆರಿಸುತ್ತಿದ್ದಳು. ತಲೆಯೆತ್ತಿ ನೋಡಿದಳು. ಗೆರಸೆ ಕೆಳಗಿಟ್ಟಳು. "ಅಯ್ಯೋ ದೇವರೇ, ಇದೆಂತ ಮಾಡಿಕೊಂಡ್ರಿ?" ಎಂದಳು.

"ನೀನೇ ಅಲ್ಲವಾ ಕೇಳಿದ್ದು?"

"ನಾನು ಫೋಟೋ ಕೇಳಿದ್ದು ಮಾರಾಯ್ರೆ. ಹಲ್ಲು ಕೇಳಲಿಲ್ಲ."

ಆ ಮಾತು ನನಗೆ ನಾಟಲಿಲ್ಲ. ಪಿಂಗಾಣಿಗೆ ಏನೂ ನಾಟುವುದಿಲ್ಲ. ಸ್ಟುಡಿಯೋದ ಬಾಗಿಲು ಹಾಕಿ, ಲೈಟು ಇಟ್ಟು, ಟೈಮರ್ ಹಾಕಿ ಕುಳಿತು ನಕ್ಕೆ. ಕಂಪ್ಯೂಟರಿನಲ್ಲಿ ನೋಡಿದರೆ ಹಲ್ಲು ಮಾತ್ರ ನಗುತ್ತಿತ್ತು, ನಾನು ನಗುತ್ತಿರಲಿಲ್ಲ. ಕಣ್ಣು ಕಳ್ಳನದ್ದು, ತುಟಿ ಹಲ್ಲಿನ ಮೇಲೆ ಕುಳಿತುಕೊಳ್ಳಲು ಹೆದರಿದ ಹಾಗೆ ಮೇಲಕ್ಕೆ ಹೋಗಿ ನಿಂತಿದೆ. ಬಾಯಿ ಮುಚ್ಚಿ ನಗಲು ಕಲಿತ ಮುಖಕ್ಕೆ ಬಾಯಿ ತೆರೆದು ನಗುವ ಅಭ್ಯಾಸವೇ ಇಲ್ಲ. ನನಗೆ ನಾನೇ "ಒಂತೆ ತೆಲಿಪುಲೆ" ಎಂದೂ ಹೇಳಿಕೊಂಡೆ. ಮದುಮಗನಿಗೆ ಹೇಳುವ ಜೋಕನ್ನೂ ಹೇಳಿಕೊಂಡೆ. ಹೊರಗೆ ಕಾಯುತ್ತಿದ್ದ ಗಿರಾಕಿಗಳು, ಒಳಗೆ ಯಾರು, ಯಾರ ಹತ್ತಿರ ಮಾತಾಡುವುದು ಎಂದು ಬಾಗಿಲು ಬಡಿದರು.

ತೆಗೆದವುಗಳಲ್ಲಿ ಚೆನ್ನಾಗಿದ್ದ ಒಂದನ್ನು ಆರಿಸಿ ಹೆಂಡತಿಗೆ ತೋರಿಸಿದೆ. ನೋಡಿ, "ಚೆಂದ ಉಂಟು" ಎಂದಳು. ಗಂಡಿನ ಫೋಟೋ ಬೇಡ ಎಂದು ದಲ್ಲಾಳಿಗೆ ಹಿಂದೆ ಕೊಡುವಾಗ ಹೇಳುತ್ತಾರಲ್ಲ, ಅದೇ ರಾಗದಲ್ಲಿ. ಗೋಡೆಗೆ ಹಾಕುವ ಮಾತು ಎತ್ತಲಿಲ್ಲ. ಮತ್ತೊಂದು ತೆಗೆದೆ, ಅದಕ್ಕೂ ಚೆಂದ ಉಂಟು. ನನಗೆ ಸಿಟ್ಟು ಬಂತು. ಇಷ್ಟು ಕಷ್ಟಪಟ್ಟು, ಸೂಜಿ ಚುಚ್ಚಿಸಿಕೊಂಡು, ಮಾಡಿಸಿಕೊಂಡು ಬಂದರೆ ಇವಳಿಗೆ ಬೇಕಾದ ನಗು ಯಾವುದು? ಅದನ್ನು ಕೇಳಿಯೂ ಬಿಟ್ಟೆ.

"ಅದು ಹೇಳಲಿಕ್ಕೆ ಬರುದಿಲ್ಲ, ನೋಡಿದ್ರೆ ಗೊತ್ತಾಗ್ತದೆ" ಎಂದಳು.

ಅಷ್ಟರಲ್ಲಿ ಬೇಸಗೆ ರಜೆ ಬಂತು. ಕಣ್ಣೂರಿನಿಂದ ಮಗಳು ಬಂದು ಮೊಮ್ಮಗಳನ್ನು ಬಿಟ್ಟುಹೋದಳು. ಅವಳು ಸಣ್ಣ ಹುಡುಗಿ, ಮಲಯಾಳ ಶಾಲೆಯಲ್ಲಿ ಕಲಿಯುವವಳು. ಕನ್ನಡ ಮಾತಾಡುತ್ತಾಳೆ, ಹೆದರಿದಾಗಲೂ ಧೈರ್ಯ ಹೇಳುವಾಗಲೂ ಮಲಯಾಳ ಬರುತ್ತದೆ. ನನ್ನ ಹೊಸ ಹಲ್ಲನ್ನು ನೋಡಿ ಅಜ್ಜಿಯ ಸೀರೆಯ ಹಿಂದೆ ನಿಂತು, "ಅಜ್ಜನ ಬಾಯಲ್ಲಿ ಬಾತ್‌ರೂಮ್ ಉಂಟು" ಎಂದಳು. ಅವಳ ಕಣ್ಣಿಗೆ ಕಂಡದ್ದು ಬಾತ್‌ರೂಮಿನ ಟೈಲ್ಸಿನ ಬಿಳಿ. ಮಕ್ಕಳ ಮಾತು ಎಂದು ನಾನು ನಕ್ಕೆ, ಬಾಯಿ ಮುಚ್ಚಿಕೊಂಡು.

ರಜೆಯಲ್ಲಿ ಅವಳ ಮುಂದಿನ ಹಾಲುಹಲ್ಲು ಒಂದು ಬಿತ್ತು. ಆಗ ಅಜ್ಜಿ ಅವಳಿಗೆ ನಮ್ಮ ಕಡೆಯ ಕ್ರಮ ಕಲಿಸಿದಳು. ಬಿದ್ದ ಹಲ್ಲನ್ನು ಸೆಗಣಿಯಲ್ಲಿ ಉಂಡೆ ಕಟ್ಟಿ ಮಾಡಿನ ಮೇಲೆ ಎಸೆಯಬೇಕು. ಹಳೆಯ ಹಲ್ಲು ತೆಗೆದುಕೋ, ಹೊಸ ಹಲ್ಲು ಕೊಡು ಎಂದು ಅಳಿಲಿಗೆ ಹೇಳಬೇಕು. ನಮ್ಮದು ಟೆರೇಸಿನ ಮನೆ. ಟೆರೇಸಿಗೆ ಎಸೆದರೆ ಹಲ್ಲು ಬರುವುದಿಲ್ಲ, ಹಂಚಿನ ಮಾಡೇ ಆಗಬೇಕು ಎಂಬುದು ಅಜ್ಜಿಯ ಕಾನೂನು. ಹಿತ್ತಿಲಿನಲ್ಲಿ ಸೌದೆ ಇಡುವ ಕೊಟ್ಟಿಗೆಗೆ ಇನ್ನೂ ಹಂಚು ಇದೆ. ಸೆಗಣಿಗೆ ತೊಂದರೆ ಇಲ್ಲ, ಪಕ್ಕದ ಮನೆಯ ದನ ನಮ್ಮ ಗೇಟಿನ ಎದುರು ದಿನವೂ ದಾನ ಮಾಡಿ ಹೋಗುತ್ತದೆ. ಮೊಮ್ಮಗಳು ಉಂಡೆ ಎಸೆದು, ಅಳಿಲಿಗೆ ಹೇಳಿ, ಅಂದಿನಿಂದ ದಿನಾ ಬೆಳಿಗ್ಗೆ ಕನ್ನಡಿಯಲ್ಲಿ ಒಸಡು ನೋಡುತ್ತಿದ್ದಳು.

ರಜೆ ಮುಗಿಯುವ ಆದಿತ್ಯವಾರ ಮಗಳು ಅವಳನ್ನು ಕರೆದುಕೊಂಡು ಹೋಗಲು ಬಂದಳು. ಮಧ್ಯಾಹ್ನದ ಮೇಲೆ ರೈಲು. ಅದಕ್ಕೆ ಮೊದಲು ಎಲ್ಲರೂ ಒಟ್ಟಿಗೆ ಕುಳಿತು ಒಂದು ಫೋಟೋ ತೆಗೆಸಿಕೊಳ್ಳಬೇಕು, ಅದರಲ್ಲಿ ನಾನೂ ಇರಬೇಕು, ನಗಲೂ ಬೇಕು ಎಂದು ಹೆಂಡತಿ ಕಟ್ಟಪ್ಪಣೆ ಮಾಡಿದಳು. "ಈ ಸಲ ಆಗದಿದ್ರೆ ನಾನು ಇನ್ನು ಕೇಳುದಿಲ್ಲ" ಎಂದಳು. ಅವಳು ಹಾಗೆ ಹೇಳಿದರೆ ಅದು ಬೆದರಿಕೆಯಲ್ಲ, ನಿಜವಾಗಿ ಕೇಳುವುದಿಲ್ಲ. ನನಗೆ ಹೆದರಿಕೆಯಾದದ್ದು ಅದಕ್ಕೆ. ಅಂಗಳದಲ್ಲಿ ಕುರ್ಚಿ ಹಾಕಿ, ಸ್ಟ್ಯಾಂಡು ನಿಲ್ಲಿಸಿ, ನೆರಳು ಎಲ್ಲಿ ಬೀಳುತ್ತದೆ ಎಂದೆಲ್ಲ ಅಳೆದು ಮುಗಿಸಿದೆ. ಅವಳು ಒಳಗೆ ಹಸಿರು ಸೀರೆ ಉಡುತ್ತಿದ್ದಳು.

ಜಗಲಿಯ ಮೇಲೆ ಮಗಳಿಗೆ ಕಟ್ಟಿ ಕಳಿಸಲೆಂದು ಮಾಂಬಳ ಇಟ್ಟಿತ್ತು. ಮಾವಿನ ಹಣ್ಣಿನ ರಸವನ್ನು ಚಾಪೆಯ ಮೇಲೆ ಪದರ ಪದರವಾಗಿ ಹಚ್ಚಿ ಬಿಸಿಲಿಗೆ ಒಣಗಿಸಿದ್ದು. ಹುಳಿ ಸಿಹಿ, ಚರ್ಮದ ಹಾಗೆ ಎಳೆದರೆ ಬರುತ್ತದೆ. ಡಾಕ್ಟರು ಕಬ್ಬು ಎಂದಿದ್ದಳು, ಚಕ್ಕುಲಿ ಎಂದಿದ್ದಳು. ಮಾಂಬಳದ ಹೆಸರು ಹೇಳಿರಲಿಲ್ಲ. ಕಾನೂನಿನ ಸಂದಿಯಲ್ಲಿ ನುಗ್ಗುವ ವಕೀಲನ ಹಾಗೆ ಒಂದು ತುಂಡನ್ನು ಮುಂದಿನ ಹಲ್ಲಿಗೆ ಸಿಕ್ಕಿಸಿ ಎಳೆದೆ.

ಟಕ್ ಎಂದಿತು. ಮಾಂಬಳದ ತುಂಡಿನ ತುದಿಯಲ್ಲಿ ನನ್ನ ಪಿಂಗಾಣಿ ಟೊಪ್ಪಿ ಅಂಟಿಕೊಂಡು ಹೊರಗೆ ಬಂತು.

ಕರ್ಮ! ನಾಲಗೆ ಆಡಿಸಿದರೆ ಮುಂದೆ ಒಂದು ಮೋಟು, ಅದರ ಎರಡು ಬದಿ ಬಾಗಿಲು ತೆರೆದ ಹಾಗೆ. ಕನ್ನಡಿ ನೋಡಿದೆ. ಟೈಲ್ಸ್ ಹಾಕಿದ ಗೋಡೆಯಲ್ಲಿ ಒಂದು ಟೈಲ್ಸ್ ಬಿದ್ದುಹೋಗಿತ್ತು. ಡಾಕ್ಟರಿಗೆ ಫೋನು ಮಾಡಿದೆ. ಪುಣ್ಯಾತ್ಗಿತ್ತಿ, ಆದಿತ್ಯವಾರವಾದರೂ ಬಯ್ಯಲಿಲ್ಲ. "ಟೊಪ್ಪಿ ಹಿಡ್ಕೊಂಡು ಬನ್ನಿ ಅಂಕಲ್, ನಿಮಗೋಸ್ಕರ ಕ್ಲಿನಿಕ್ ತೆಗೀತೇನೆ, ಬೇಗ ಆಗ್ತದೆ" ಎಂದಳು. ಜೀವ ಬಂತು. ಹೋಗಿ ಬಂದರೂ ರೈಲಿಗೆ ಮೊದಲು ಫೋಟೋ ತೆಗೆಯಬಹುದು. ಟೊಪ್ಪಿಯನ್ನು ತೊಳೆದು, ಕಾಗದದಲ್ಲಿ ಸುತ್ತಿ, ಜಗಲಿಯ ದಂಡೆಯ ಮೇಲಿಟ್ಟು, ಅಂಗಿ ಬದಲಿಸಲು ಒಳಗೆ ಹೋದೆ.

ಹೊರಗೆ ಬಂದರೆ ಕಾಗದ ಇತ್ತು, ಹಲ್ಲು ಇರಲಿಲ್ಲ.

ಮೊಮ್ಮಗಳು ಹಿತ್ತಿಲಿನಿಂದ ಬರುತ್ತಿದ್ದಳು. ಎರಡೂ ಕೈಯಲ್ಲಿ ಸೆಗಣಿ. ದೊಡ್ಡ ಕೆಲಸ ಮುಗಿಸಿದ ಮುಖ. "ಪೇಡಿಕ್ಕೇಂಡ ಅಜ್ಜ" ಎಂದಳು. ಹೆದರಬೇಡ ಎಂದು ಅರ್ಥ. "ನಿಮ್ಮ ಹಲ್ಲು ಬಿತ್ತಲ್ಲ, ನಾನು ಮಾಡಿಗೆ ಎಸೆದು ಬಂದೆ. ಇನ್ನು ಹೊಸದು ಬರ್‍ತದೆ."

ನನ್ನ ಬಾಯಿಂದ ಏನು ಹೊರಟಿತೋ ಗೊತ್ತಿಲ್ಲ. ಮೋಟಿನ ಎರಡು ಬದಿಯಿಂದ ಗಾಳಿ ಮಾತ್ರ ಹೊರಟಿರಬೇಕು. ಸೀದಾ ಹಿತ್ತಿಲಿಗೆ ಓಡಿ, ತೆಂಗಿನ ಮರಕ್ಕೆ ಇಡುವ ಏಣಿಯನ್ನು ಎಳೆದು ತಂದು ಕೊಟ್ಟಿಗೆಗೆ ಒರಗಿಸಿದೆ. ಗದ್ದಲ ಕೇಳಿ ಹೆಂಡತಿ ಅರ್ಧ ಉಟ್ಟ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಕೈಯಲ್ಲಿ ಮೊಬೈಲ್ ಹಿಡಿದುಕೊಂಡು ಬಂದಳು.

"ನಿಮ್ಮ ಮಂಡೆ ಸಮ ಉಂಟಾ? ಎದೆಗೆ ಸ್ಪ್ರಿಂಗ್ ಹಾಕಿಸಿಕೊಂಡವರು ಏಣಿ ಹತ್ತುದಾ? ಇಳೀರಿ ಕೆಳಗೆ!"

"ಹಲ್ಲು ಮೇಲೆ ಉಂಟು!"

"ಹಲ್ಲು ಹೋದ್ರೆ ಹೋಗ್ಲಿ, ಇಳೀರಿ!"

ಮಗಳು ಏಣಿಯ ಕಾಲು ಹಿಡಿದುಕೊಂಡು ಅಪ್ಪ ಅಪ್ಪ ಎನ್ನುತ್ತಿದ್ದಳು. ನಾನು ಇಳಿಯಲಿಲ್ಲ. ಹಂಚಿನ ಮೇಲೆ ಒಣಗಿದ ಮಾವಿನ ಎಲೆ, ಕಾಗೆ ತಂದು ಹಾಕಿದ ಮೂಳೆ, ಯಾವ ಕಾಲದ್ದೋ ಒಂದು ಚಪ್ಪಲಿ. ಹಸಿ ಸೆಗಣಿಯ ಗುರುತು ಒಂದು ಕಡೆ ಕಂಡಿತು, ಆದರೆ ಉಂಡೆ ಜಾರಿ ಹೋಗಿತ್ತು. ಹಂಚಿನ ಸಂದಿಯಿಂದ ಕೆಳಗೆ ಸೌದೆಯ ರಾಶಿಗೆ ಇಳಿಯಿತೋ, ನಿಜವಾಗಿಯೂ ಅಳಿಲೇ ಕೊಂಡುಹೋಯಿತೋ. ಕೈ ಚಾಚಿ ತಡಕಾಡಿದೆ. ಸಂದಿಯಲ್ಲಿ ಒಂದು ಒಣ ಉಂಡೆ ಸಿಕ್ಕಿತು. ಸಂತೋಷದಲ್ಲಿ ಒಡೆದೆ. ಒಳಗೆ ಅಕ್ಕಿಕಾಳಿನಂಥ ಒಂದು ಹಾಲುಹಲ್ಲು.

ಕೆಳಗಿನಿಂದ ಮೊಮ್ಮಗಳು ಕಿರುಚಿದಳು. "ಅಜ್ಜಾ! ಅದು ನನ್ನದು! ಅದನ್ನು ತೆಗೆದ್ರೆ ನನಗೆ ಹಲ್ಲು ಬರುದಿಲ್ಲ!" ಎಂದವಳೇ ನೆಲಕ್ಕೆ ಕುಳಿತು ಅತ್ತಳು. ಸುಮ್ಮನೆ ಹಟದ ಅಳು ಅಲ್ಲ, ಬದುಕು ಹಾಳಾದವರ ಅಳು. ಇನ್ನು ಶಾಲೆಗೆ ಹೇಗೆ ಹೋಗುವುದು, ಎಲ್ಲರೂ ನಗುತ್ತಾರೆ ಎಂದು ಬಿಕ್ಕಿದಳು. ಅವಳ ಬಾಯಿ ಪೂರ್ತಿ ತೆರೆದಿತ್ತು, ಮುಂದಿನ ಕಿಂಡಿ ಕಾಣುತ್ತಿತ್ತು. ಬಾವಿಕಟ್ಟೆಗೆ ಬಡಿದ ಮರುದಿನ ಶಾಲೆಗೆ ಹೋಗುವುದಿಲ್ಲ ಎಂದು ಕಂಬ ಹಿಡಿದು ನಿಂತದ್ದು ನನಗೆ ನೆನಪಾಯಿತು. ನನ್ನ ಹಲ್ಲು ಅಲ್ಲೇ ಹಾಳಾಗಿ ಹೋಗಲಿ ಎನ್ನಿಸಿತು.

"ಅಳಬೇಡ, ಪುನಃ ಇಡ್ತೇನೆ. ಸೆಗಣಿ ಕೊಡು" ಎಂದೆ.

ಅವಳು ಕಣ್ಣೊರೆಸಿಕೊಂಡು, ಕೆನ್ನೆಗೆಲ್ಲ ಸೆಗಣಿ ಬಳಿದುಕೊಂಡು, ಒಂದು ಮುದ್ದೆಯನ್ನು ಮೇಲಕ್ಕೆ ಚಾಚಿದಳು. ಬಿಳಿ ಅಂಗಿ ತೊಟ್ಟ ಆರ್ಟಿಸ್ಟು ಏಣಿಯ ಮೇಲೆ ನಿಂತು ಸೆಗಣಿಯ ಉಂಡೆ ಕಟ್ಟಿ, ಹಾಲುಹಲ್ಲನ್ನು ಒಳಗಿಟ್ಟು, ಮಾಡಿನ ಮೇಲೆ ಕೂರಿಸಿದ. ಅಳಿಲಿಗೆ ಹೇಳಲಿಕ್ಕುಂಟು, ಹೇಳಿ ಎಂದಳು. ಹೇಳಿದೆ. ಜೋರಾಗಿ ಹೇಳಿ, ಅಳಿಲಿಗೆ ಕೇಳಬೇಕಲ್ಲ ಎಂದಳು. ಜೋರಾಗಿಯೂ ಹೇಳಿದೆ. ಪಕ್ಕದ ಮನೆಯವರು ಬೇಲಿಯ ಹತ್ತಿರ ಬಂದು ನಿಂತರು. ಆಗ ಸುಮ್ಮನಿರಲಾರದೆ ಕೇಳಿದೆ, "ನನ್ನ ಹಲ್ಲು ಎಸೆಯುವಾಗ ನೀನು ಅಳಿಲಿಗೆ ಎಂತ ಹೇಳಿದ್ದು?"

ಅವಳು ಕೈ ಮುಗಿದು ತೋರಿಸಿದಳು. "ಅಳಿಲೇ, ಅಜ್ಜನ ಈ ಬಾತ್‌ರೂಮ್ ಹಲ್ಲು ನೀನೇ ತಕ್ಕೋ. ಅಜ್ಜನಿಗೆ ಮೊದಲಿನ ಕಪ್ಪು ಹಲ್ಲೇ ಕೊಡು."

ನನಗೆ ನಗು ಎಲ್ಲಿಂದ ಬಂತೋ. ಹೊಟ್ಟೆಯ ಬುಡದಿಂದ ಎದ್ದು, ಸ್ಟೆಂಟನ್ನು ದಾಟಿ, ಗಂಟಲು ಒಡೆದುಕೊಂಡು ಬಂತು. ಏಣಿ ಅಲುಗಾಡಿತು. ಸೆಗಣಿಯ ಕೈಯಲ್ಲಿ ಹಂಚು ಹಿಡಿದುಕೊಂಡೆ. ಬಾಯಿ ಮುಚ್ಚಬೇಕು ಎಂದು ನೆನಪೇ ಆಗಲಿಲ್ಲ. ಅಷ್ಟು ದುಡ್ಡು ಸುರಿದು ತಂದ ಬಿಳಿಯನ್ನು ಈ ಹುಡುಗಿ ಅಳಿಲಿಗೆ ಒಪ್ಪಿಸಿಬಿಟ್ಟಿದ್ದಾಳೆ, ಬದಲಿಗೆ ಕೇಳಿದ್ದು ನಾನು ಜೀವಮಾನ ಇಡೀ ಬಚ್ಚಿಟ್ಟ ಹಲ್ಲನ್ನು. ಕಣ್ಣಿನಲ್ಲಿ ನೀರು ಬರುವಷ್ಟು ನಕ್ಕೆ. ಕೆಳಗೆ ಮಗಳೂ ನಗುತ್ತಿದ್ದಳು. ಹೆಂಡತಿ ಮಾತ್ರ ನಗುತ್ತಿರಲಿಲ್ಲ. ಮೊಬೈಲ್ ಎತ್ತಿ ಹಿಡಿದಿದ್ದಳು.

ಹೊಸ ಟೊಪ್ಪಿ ಬರುವ ತನಕ ನಾನು ಬಾಯಿಗೆ ಮಾಸ್ಕ್ ಕಟ್ಟಿಕೊಂಡು ಸ್ಟುಡಿಯೋದಲ್ಲಿ ಕುಳಿತೆ. ಎಲ್ಲಿ ಹೋಯಿತು ಎಂದು ಡಾಕ್ಟರು ಕೇಳಿದಾಗ, ಮಾಡಿಗೆ ಎಸೆದರು ಎಂದೆ. ಅವಳೂ ಈ ಊರಿನವಳೇ, ಹೆಚ್ಚು ಕೇಳಲಿಲ್ಲ. ಅಂಗಳದ ಫೋಟೋ ಆ ದಿನ ನಡೆಯಲಿಲ್ಲ. ಮಗಳೂ ಮೊಮ್ಮಗಳೂ ರೈಲಿಗೆ ಓಡಿದರು. ಹೆಂಡತಿ ಆ ಬಗ್ಗೆ ಒಂದು ಮಾತೂ ಎತ್ತಲಿಲ್ಲ. ಇನ್ನು ಕೇಳುವುದಿಲ್ಲ ಎಂದಿದ್ದಳಲ್ಲ, ನನಗೆ ಒಳಗೊಳಗೇ ಹಿಂಸೆ.

ಆಮೇಲೊಂದು ದಿನ ಅವಳ ಮೊಬೈಲಿನಲ್ಲಿ ಆ ಫೋಟೋ ಕಂಡಿತು. ನೋಡಿ ನನ್ನ ವೃತ್ತಿಗೇ ಅವಮಾನವಾಯಿತು. ಬೆಳಕು ಹಿಂದಿನಿಂದ, ಮೂಲೆಯಲ್ಲಿ ಅವಳದೇ ಬೆರಳು, ಹಂಚು ವಾಲಿಕೊಂಡಿದೆ, ಬೇಲಿಯ ಹಿಂದೆ ಪಕ್ಕದ ಮನೆಯವರ ತಲೆ. ನಡುವೆ ನಾನು, ಸೆಗಣಿಯ ಕೈ, ತೆರೆದ ಬಾಯಿ, ಮುಂದೆ ಒಂದು ಮೋಟು. ಆದರೆ ಮುಖ ನಗುತ್ತಿತ್ತು, ಅದನ್ನು ಒಪ್ಪಬೇಕು. ಅವಳಿಗೆ ಹೇಳದೆ ಅದನ್ನು ಸ್ಟುಡಿಯೋದ ಕಂಪ್ಯೂಟರಿಗೆ ಹಾಕಿಕೊಂಡೆ. ಬೆರಳು ಅಳಿಸಿದೆ, ಪಕ್ಕದ ಮನೆಯವರನ್ನು ಅಳಿಸಿದೆ, ಸೆಗಣಿ ತೊಳೆದೆ. ಕೊನೆಗೆ, ಕೈ ಕೇಳಬೇಕಲ್ಲ, ಪಕ್ಕದ ಹಲ್ಲನ್ನು ನಕಲು ಮಾಡಿ ಮೋಟಿನ ಮೇಲೆ ಕೂರಿಸಿದೆ. ದೊಡ್ಡದಾಗಿ ಪ್ರಿಂಟ್ ಹಾಕಿ ಮನೆಗೆ ತಂದುಕೊಟ್ಟೆ.

ಅವಳು ಬಹಳ ಹೊತ್ತು ನೋಡಿದಳು. "ಇದಲ್ಲ" ಎಂದಳು.

ಮೊಗ್ರಾಲಿನ ಹೆಂಗಸಿನ ಸ್ವರ ಅದು. ಈ ಸಲ ಪಿಂಗಾಣಿಗೂ ನಾಟಿತು.

ಎರಡು ದಿನ ಬಿಟ್ಟು ಕುಂಬಳೆಯಿಂದ ಫೋನು ಬಂತು. ಅಲ್ಲೊಬ್ಬ ಫೋಟೋಗ್ರಾಫರ್ ಇದ್ದಾನೆ, ಮದುವೆಯ ಸೀಸನಿನಲ್ಲಿ ನನ್ನ ಗಿರಾಕಿಗಳನ್ನು ಎಳೆದುಕೊಳ್ಳುವವನು. ಅವನ ಸ್ವರದಲ್ಲಿ ಸಕ್ಕರೆ ಇತ್ತು. "ಅಣ್ಣಾ, ಅತ್ತಿಗೆ ನಿಮ್ಮದೊಂದು ಫೋಟೋ ತಂದು ಕೊಟ್ಟಿದ್ದಾರೆ, ಫ್ರೇಮ್ ಹಾಕಲಿಕ್ಕೆ. ಹಲ್ಲೊಂದು ಇಲ್ಲ, ನಾನು ಫಿಲ್ ಮಾಡ್ತೇನೆ ಅಂದ್ರೆ ಬೇಡ ಅಂತ ಬೈದ್ರು. ಮಾಡ್ಲಾ, ಬೇಡ್ವಾ?"

"ಬೇಡ ಮಾರಾಯ, ಇದ್ದ ಹಾಗೆ ಇರಲಿ" ಎಂದೆ. ಊರಿನ ಫೋಟೋಗ್ರಾಫರುಗಳಿಗೆಲ್ಲ ಅದು ಸಂಜೆಯ ಒಳಗೆ ತಲುಪುತ್ತದೆ ಎಂದು ಗೊತ್ತಿದ್ದೇ ಹೇಳಿದೆ.

ಫೋಟೋ ಈಗ ನಮ್ಮ ಮಲಗುವ ಕೋಣೆಯ ಗೋಡೆಯಲ್ಲಿದೆ, ಬೆರಳು, ಸೆಗಣಿ, ಪಕ್ಕದ ಮನೆಯವರು ಸಮೇತ. ಅದನ್ನು ತೂಗುಹಾಕುವ ದಿನ ಮೊಳೆ ಹೊಡೆದವನು ನಾನೇ. ಹೊಸ ಟೊಪ್ಪಿ ಬಾಯಿಗೆ ಬಂದಿತ್ತು. ಕೆಳಗಿಳಿದು, ಹಿಂದೆ ಸರಿದು ನೋಡಿ, ಮರ್ಯಾದೆ ಉಳಿಸಿಕೊಳ್ಳಲು ಒಂದು ಮಾತು ಹೇಳಿದೆ. "ಆಯಿತು, ಇದನ್ನೇ ಇಟ್ಟುಕೋ. ಆದರೆ ನಾಳೆ ನಾನು ಹೋದಾಗ ಇದನ್ನು ಜಂಕ್ಷನಿನಲ್ಲಿ ಕಟ್ಟಿಸಬೇಡ. ಜನ ಬಸ್ಸು ನಿಲ್ಲಿಸಿ ನಗ್ತಾರೆ."

ಅವಳು ಸೆರಗಿನ ತುದಿಯಲ್ಲಿ ಗಾಜು ಒರೆಸುತ್ತಿದ್ದಳು. ತಿರುಗಲಿಲ್ಲ.

"ಫ್ಲೆಕ್ಸಿಗೆ ನಿಮ್ಮ ಆ ಬಿಳಿ ಹಲ್ಲಿನದ್ದು ಕೊಡ್ತೇನೆ" ಎಂದಳು. "ಊರಿನವರಿಗೆ ಅದು ಸಾಕು. ಇದು ನನಗೆ."